ನಮ್ಮ ಮೈಮೇಲಿನ ಸಂಶೋಧನೆಗೆ ನಮ್ಮ ಮಾತೂ ಬೇಕಲ್ವಾ?

ಕೆಲಸದ ಜಾಗದಿಂದ ಬರುವ ಕಾಯಿಲೆಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದ ಮೇಲೆ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದಲೇ ಜಾಸ್ತಿ ಪತ್ರ ಬಂದಿವೆ. ಔಷಧಿ ಕೇಳಿದವರು ಕಡಿಮೆ. "ಸಂಶೋಧನೆ ಅಂತ ಬಂದರು, ಪರೀಕ್ಷೆ ಮಾಡಿದರು, ಹೋದರು, ಆಮೇಲೆ ಏನಾಯ್ತು?" ಅಂತ ಕೇಳಿದವರೇ ಬಹಳ. ಹಾಗಾಗಿ ಈ ಸಲದ ಜಾಗ ಪೂರ್ತಿ ಇದೊಂದೇ ವಿಷಯಕ್ಕೆ.

ಪ್ರಶ್ನೆ: ಮೇಡಂ, ನಾನು ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟ್ ಹೊಲಿಯುತ್ತೇನೆ. ಪೀಸಿಗೆ ಇಷ್ಟು ಅಂತ ಕೊಡುತ್ತಾರೆ. ಜೀನ್ಸ್ ಕೆಲಸದವರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡಬೇಕು ಅಂತ ಕೆಲವು ಡಾಕ್ಟರುಗಳು ನಮ್ಮ ಓಣಿಗೆ ಬಂದಿದ್ದರು. ರಕ್ತ ಕೊಡಿ ಅಂತ ಕೇಳಲಿಲ್ಲ. ನಮ್ಮ ಜೊತೆ ಕಮಿಟಿಯಲ್ಲಿ ಕೂತು ಏನು ಕೇಳಬೇಕು, ಹೇಗೆ ಕೇಳಬೇಕು ಅಂತ ನೀವೇ ಹೇಳಿಕೊಡಿ ಅಂದರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಷ್ಟು ಓದಿದವರಿಗೆ ನಾನೇನು ಹೇಳಿಕೊಡಲಿ? ನಮ್ಮ ಮನೆಯವರು "ಸುಮ್ನೆ ಟೈಮ್ ವೇಸ್ಟ್, ಅಷ್ಟೊತ್ತಿಗೆ ನಾಲ್ಕು ಪೀಸ್ ಆಗುತ್ತೆ" ಅಂತಾರೆ. ಹೋಗಲಾ, ಬೇಡವಾ?
— ಓದುಗರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಹೋಗಿ ತಂಗಿ, ಖಂಡಿತ ಹೋಗಿ. ಹೋಗೋ ಮುಂಚೆ ಕೆಲವು ಮಾತು ಖಚಿತ ಮಾಡಿಕೊಳ್ಳಬೇಕು, ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಓದಿನ ವಿಷಯ. ಆ ಡಾಕ್ಟರುಗಳಿಗೆ ಶ್ವಾಸಕೋಶ ಗೊತ್ತು, ಬೆನ್ನುಮೂಳೆ ಗೊತ್ತು. ತಗಡಿನ ಶೀಟಿನ ಕೆಳಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಮೆಷಿನ್ ತುಳಿಯೋದು ಹೇಗಿರುತ್ತೆ ಅಂತ ಗೊತ್ತಿಲ್ಲ. ಫ್ಯಾನ್ ಹಾಕಿದರೆ ಬಟ್ಟೆಯ ಧೂಳು ಮುಖಕ್ಕೆ ಬರುತ್ತೆ, ಆರಿಸಿದರೆ ಕೂರೋಕಾಗಲ್ಲ ಅನ್ನೋದು ಯಾವ ಪುಸ್ತಕದಲ್ಲೂ ಬರೆದಿಲ್ಲ. ನಿಮ್ಮನ್ನು ಕರೆದಿರೋದು ನಿಮಗೆ ಗೊತ್ತಿರೋದಕ್ಕೆ, ಗೊತ್ತಿಲ್ಲದ್ದಕ್ಕೆ ಅಲ್ಲ.

ಒಂದೇ ಒಂದು ಪ್ರಶ್ನೆ ತೆಗೆದುಕೊಳ್ಳೋಣ. ಇಂಥ ಸಂಶೋಧನೆಯ ಪ್ರಶ್ನೆಪಟ್ಟಿಯಲ್ಲಿ "ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತೀರಿ?" ಅನ್ನೋದು ಇದ್ದೇ ಇರುತ್ತೆ. ಬೆಳಿಗ್ಗೆ ಒಳಗೆ ಹೋಗಿ ಸಂಜೆ ಹೊರಗೆ ಬರೋ ಫ್ಯಾಕ್ಟರಿಯವರಿಗೆ ಅದು ಸರಿ. ನೀವೇನು ಹೇಳಬೇಕು? ನೀರು ಹಿಡಿದು, ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ ಒಂದಿಷ್ಟು ಹೊಲಿದು, ಕರೆಂಟ್ ಹೋದಾಗ ಎದ್ದು ಬಟ್ಟೆ ಒಗೆದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಮತ್ತೆ ಮೆಷಿನ್‌ಗೆ ಕೂತು, ಇದನ್ನು ಎಷ್ಟು ಗಂಟೆ ಅಂತ ಲೆಕ್ಕ ಹಾಕೋದು? "ಎಂಟು ಗಂಟೆ" ಅಂತ ಏನೋ ಒಂದು ಹೇಳುತ್ತೀರಿ, ಅವರೂ ಬರೆದುಕೊಳ್ಳುತ್ತಾರೆ. ಅಲ್ಲಿಗೆ ಲೆಕ್ಕ ತಪ್ಪಿತು. ಮುಂದೆ ಕಂಪ್ಯೂಟರ್‌ಗೆ ಹಾಕಿ ಏನೇ ಗುಣಾಕಾರ ಭಾಗಾಕಾರ ಮಾಡಿದರೂ ಆ ತಪ್ಪು ತಪ್ಪೇ. ನಿಮ್ಮಂಥವರು ಒಬ್ಬರು ಮೊದಲೇ ಕೂತಿದ್ದರೆ "ಗಂಟೆ ಕೇಳಬೇಡಿ ಮೇಡಂ, ಎಷ್ಟು ಪೀಸ್ ಅಂತ ಕೇಳಿ, ಹಬ್ಬದ ಸೀಸನ್‌ನಲ್ಲಿ ಎಷ್ಟು, ಮಾಲು ಇಲ್ಲದಾಗ ಎಷ್ಟು ಅಂತ ಬೇರೆ ಬೇರೆ ಕೇಳಿ" ಅಂತ ಹೇಳಿರುತ್ತಿದ್ದಿರಿ. ಪೀಸಿನ ಲೆಕ್ಕ ಮಾತ್ರ ಎಲ್ಲರೂ ಕರಾರುವಾಕ್ಕಾಗಿ ಹೇಳುತ್ತಾರೆ, ಯಾಕಂದರೆ ದುಡ್ಡು ಅದರ ಮೇಲೇ ಬರೋದು.

ಇನ್ನೊಂದು. ಹೆಣ್ಣುಮಕ್ಕಳು ಕೆಲಸದ ಮಧ್ಯೆ ಎದ್ದು ಹೋಗಬೇಕಾಗುತ್ತೆ ಅಂತ ನೀರೇ ಕುಡಿಯೋದಿಲ್ಲ, ಮೂತ್ರ ತಡೆದುಕೊಂಡು ಕೂರುತ್ತಾರೆ, ಉರಿಮೂತ್ರ ಅಂತ ಆಮೇಲೆ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾರೆ. ಅನೇಕ ಶೆಡ್‌ಗಳಲ್ಲಿ ಶೌಚಾಲಯವೇ ಸರಿ ಇರೋದಿಲ್ಲ. ಇದನ್ನು ಗಂಡಸರೇ ಕೂತು ಬರೆದ ಪ್ರಶ್ನೆಪಟ್ಟಿಯಲ್ಲಿ ನೀವು ಹುಡುಕಿದರೂ ಸಿಗಲ್ಲ. ನೀವು ಹೇಳಿದರೆ ಮಾತ್ರ ಬರುತ್ತೆ. ದಾರ ಕತ್ತರಿಸೋರು, ಕಾಜಾ-ಬಟನ್ ಹಾಕೋರು, ವಾಷಿಂಗ್ ಯೂನಿಟ್‌ನಲ್ಲಿ ಬಟ್ಟೆಯ ಬಣ್ಣ ತೆಳುವಾಗೋಕೆ ಪಿಪಿ (ಪೊಟ್ಯಾಷಿಯಂ ಪರ್ಮಾಂಗನೇಟ್) ಸ್ಪ್ರೇ ಹೊಡೆಯೋ ಹುಡುಗರು, ಇವರೆಲ್ಲರ ತೊಂದರೆ ಒಂದೇ ಥರದ್ದಲ್ಲ. ಹೊಲಿಯೋರಿಗೆ ಕುತ್ತಿಗೆ, ಸೊಂಟ, ಕಣ್ಣು. ಸ್ಪ್ರೇ ಹೊಡೆಯೋರಿಗೆ ಆ ಪಿಪಿ ಚರ್ಮಕ್ಕೂ ಮೂಗಿಗೂ ಹೋಗುತ್ತೆ. "ಜೀನ್ಸ್ ಕಾರ್ಮಿಕರು" ಅಂತ ಎಲ್ಲರನ್ನೂ ಒಂದೇ ಗುಂಪು ಮಾಡಬೇಡಿ ಅಂತ ಅವರಿಗೆ ನೀವೇ ಹೇಳಬೇಕು.

ಜೀನ್ಸ್‌ನದೇ ಒಂದು ನಿಜವಾದ ವಿಷಯ ಹೇಳುತ್ತೇನೆ. ಟರ್ಕಿ ದೇಶದಲ್ಲಿ ಪ್ಯಾಂಟಿಗೆ ಹಳೇ ಲುಕ್ ಬರಲಿ ಅಂತ ಮರಳನ್ನು ಜೋರಾಗಿ ಊದಿ ಬಟ್ಟೆ ಉಜ್ಜುತ್ತಿದ್ದರು. ಸಣ್ಣ ಸಣ್ಣ ಶೆಡ್, ಕಿಟಕಿ ಇಲ್ಲ, ಹಳ್ಳಿಯಿಂದ ಬಂದ ಹುಡುಗರು, ರಿಜಿಸ್ಟರ್‌ನಲ್ಲಿ ಹೆಸರಿಲ್ಲ. ಆ ಮರಳಿನ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗೋ ಸಿಲಿಕೋಸಿಸ್ ಬಂತು, ಗಣಿಯಲ್ಲಿ ಹತ್ತಾರು ವರ್ಷ ದುಡಿದವರಿಗೆ ಬರೋ ಕಾಯಿಲೆ ಇಪ್ಪತ್ತರ ಹುಡುಗರಿಗೆ ಬಂತು. 2005ರ ಹೊತ್ತಿಗೆ ಡಾಕ್ಟರುಗಳು ಇದನ್ನು ಬರೆದರು. ಆದರೆ ಕಾಯಿಲೆಯವರು ಎಷ್ಟು ಜನ, ಎಲ್ಲಿದ್ದಾರೆ ಅಂತ ಫ್ಯಾಕ್ಟರಿ ಪಟ್ಟಿ ನೋಡಿ ಹುಡುಕೋಕೆ ಸಾಧ್ಯವೇ ಇರಲಿಲ್ಲ, ಅವರು ಪಟ್ಟಿಯಲ್ಲೇ ಇರಲಿಲ್ಲವಲ್ಲ. ಊರಿಗೆ ವಾಪಸ್ ಹೋದವರನ್ನು ಊರಲ್ಲೇ ಹುಡುಕಬೇಕಾಯ್ತು. 2008ರಲ್ಲಿ ಕಾಯಿಲೆಯಾದ ಕಾರ್ಮಿಕರು, ಡಾಕ್ಟರು, ವಕೀಲರು ಸೇರಿ ಒಂದು ಸಮಿತಿ ಮಾಡಿಕೊಂಡರು. 2009ರಲ್ಲಿ ಆ ದೇಶ ಜೀನ್ಸ್‌ಗೆ ಮರಳು ಊದೋದನ್ನೇ ನಿಷೇಧ ಮಾಡಿತು. ಪಟ್ಟಿಯಲ್ಲಿ ಹೆಸರಿಲ್ಲದವರು ಬಾಯಿ ಬಿಟ್ಟಿದ್ದರಿಂದ ಆದ ಕೆಲಸ ಇದು. ಮನೆಯಲ್ಲಿ ಹೊಲಿಯೋ ನಿಮ್ಮ ಹೆಸರೂ ಯಾವ ಫ್ಯಾಕ್ಟರಿ ರಿಜಿಸ್ಟರ್‌ನಲ್ಲೂ ಇಲ್ಲ, ಅಲ್ವಾ?

ಈಗ ಖಚಿತ ಮಾಡಿಕೊಳ್ಳಬೇಕಾದ ಮಾತು. ಮೀಟಿಂಗ್ ದಿನದ ಕೂಲಿ ಕೊಡುತ್ತೀರಾ ಅಂತ ನಾಚಿಕೆ ಇಲ್ಲದೆ ಕೇಳಿ. ನಿಮ್ಮ ಮನೆಯವರು ಹೇಳಿದ್ದು ಸರಿಯಾಗೇ ಇದೆ, ನಾಲ್ಕು ಪೀಸ್ ಅಂದರೆ ದುಡ್ಡು. ಆ ಡಾಕ್ಟರುಗಳು ಸಂಬಳ ತಗೊಂಡು ಮೀಟಿಂಗ್‌ಗೆ ಬರುತ್ತಾರೆ, ನೀವು ಮಾತ್ರ ಕೈಯಿಂದ ಕಳೆದುಕೊಂಡು ಬರಬೇಕು ಅನ್ನೋದು ಯಾವ ನ್ಯಾಯ? ಇಂಗ್ಲೆಂಡ್‌ನಲ್ಲಿ ಹೀಗೆ ಸಲಹೆ ಕೊಡೋಕೆ ಬಂದವರಿಗೆ ಗಂಟೆಗಿಷ್ಟು ಅಂತ ಸಂಭಾವನೆ, ಬಸ್ ಚಾರ್ಜು, ಮಗು ನೋಡಿಕೊಳ್ಳೋರ ಖರ್ಚು ಕೂಡ ಕೊಡೋ ಪದ್ಧತಿ ಇದೆ. ಮೀಟಿಂಗ್ ನಿಮ್ಮ ಓಣಿಯಲ್ಲೇ, ಅಂಗನವಾಡಿಯಲ್ಲೋ ದರ್ಗಾದ ಪಕ್ಕದ ಹಾಲ್‌ನಲ್ಲೋ ಇಡಿ ಅನ್ನಿ. ನಿಮ್ಮೊಬ್ಬರನ್ನೇ ಕರೆದರೆ ಒಪ್ಪಬೇಡಿ, ಜೊತೆಗೆ ಇನ್ನೂ ಇಬ್ಬರು ಮೂವರು ಹೆಣ್ಣುಮಕ್ಕಳಿರಲಿ, ಕೋಟು ಹಾಕಿದವರ ನಡುವೆ ಒಬ್ಬರೇ ಕೂತರೆ ಎಂಥವರಿಗೂ ಬಾಯಿ ಕಟ್ಟುತ್ತೆ. ಕೊನೆಗೆ, ನಾವು ಹೇಳಿದ್ದರಲ್ಲಿ ಯಾವುದನ್ನು ತಗೊಂಡಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ವಾಪಸ್ ಬಂದು ಹೇಳುತ್ತೀರಾ ಅಂತ ಕೇಳಿ. ಇದಕ್ಕೆ ಅವರು ಏನು ಉತ್ತರ ಕೊಡುತ್ತಾರೆ ಅನ್ನೋದರ ಮೇಲೇ ಅವರು ನಿಜವಾಗಿ ಕರೆದಿದ್ದಾರೋ ಫೋಟೋಗೆ ಕರೆದಿದ್ದಾರೋ ಅಂತ ಗೊತ್ತಾಗುತ್ತೆ.

ಪ್ರಶ್ನೆ: ನಾನು ಕಲ್ಲು ಕ್ವಾರಿಯಲ್ಲಿ ಡ್ರಿಲ್ಲಿಂಗ್ ಕೆಲಸ ಮಾಡಿದವನು. ಈಗ ಏದುಸಿರು, ಕೆಲಸ ಬಿಟ್ಟಿದ್ದೇನೆ. ಮೊದಲು ಟಿಬಿ ಅಂತ ಮಾತ್ರೆ ಕೊಟ್ಟರು, ಕಡಿಮೆ ಆಗಲಿಲ್ಲ. ಆಮೇಲೆ ಒಂದು ತಂಡ ಬಂದು ನಮ್ಮೂರಿನ ಡ್ರಿಲ್ಲಿಂಗ್‌ನವರಿಗೆಲ್ಲ ಎಕ್ಸ್-ರೇ ತೆಗೆಸಿತು, ಪೈಪಿನಲ್ಲಿ ಊದಿಸಿತು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋಯಿತು. ರಿಪೋರ್ಟ್ ಯಾರಿಗೂ ಕೊಡಲಿಲ್ಲ. ಈಗ ಇನ್ನೊಂದು ತಂಡ ಬರುತ್ತಂತೆ. ಯಾಕೆ ಹೋಗಬೇಕು ಹೇಳಿ?
— ಓದುಗರು, ಕುಷ್ಟಗಿ ತಾಲೂಕು, ಕೊಪ್ಪಳ

ಉತ್ತರ: ಅಣ್ಣಾ, ನಿಮ್ಮ ಸಿಟ್ಟು ನ್ಯಾಯವಾದದ್ದು. ನಿಮ್ಮ ಎದೆಯ ಎಕ್ಸ್-ರೇ ನಿಮಗೇ ಕೊಡದೆ ಹೋದವರ ಪರವಾಗಿ ನಾನು ಒಂದು ಮಾತೂ ಆಡಲ್ಲ.

ಮೊದಲು ನಿಮ್ಮ ಆರೋಗ್ಯ. ಡ್ರಿಲ್ಲಿಂಗ್ ಮಾಡಿದವರಿಗೆ ಏದುಸಿರು ಬಂದರೆ ಸಿಲಿಕೋಸಿಸ್ ಇರಬಹುದು ಅಂತ ಯೋಚನೆ ಮಾಡಲೇಬೇಕು. ಎಕ್ಸ್-ರೇಯಲ್ಲಿ ಟಿಬಿಗೂ ಇದಕ್ಕೂ ಗೊಂದಲ ಆಗೋದು ಮಾಮೂಲು. ಅದಲ್ಲದೆ ಕಲ್ಲಿನ ಧೂಳು ತುಂಬಿದ ಎದೆಗೆ ಟಿಬಿ ಬರೋ ಸಂಭವವೂ ಜಾಸ್ತಿ, ಎರಡೂ ಒಟ್ಟಿಗೆ ಇರಬಹುದು. ಹಾಗಾಗಿ ಟಿಬಿ ಮಾತ್ರೆ ನೀವಾಗೇ ನಿಲ್ಲಿಸಬೇಡಿ. ಯಾವ ಡಾಕ್ಟರ ಹತ್ತಿರ ಹೋದರೂ "ಇಷ್ಟು ವರ್ಷ ಡ್ರಿಲ್ಲಿಂಗ್ ಮಾಡಿದ್ದೇನೆ" ಅಂತ ಮೊದಲ ಮಾತಾಗಿ ಹೇಳಿ, ಚೀಟಿಯಲ್ಲಿ ಬರೆಸಿ. ಸಿಲಿಕೋಸಿಸ್ ಪೂರ್ತಿ ವಾಸಿ ಮಾಡೋ ಔಷಧಿ ಇಲ್ಲ, ಕೆಲಸ ಬಿಟ್ಟ ಮೇಲೂ ಅದು ಹೆಚ್ಚಾಗುತ್ತಾ ಹೋಗಬಹುದು. ಅದಕ್ಕೇ ಇದನ್ನು 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಡಾಕ್ಟರು ಕಂಡ ಕೂಡಲೇ ಸರಕಾರಕ್ಕೆ ತಿಳಿಸಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದರು.

ಈಗ ಸಂಶೋಧನೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಅಂದರೆ ಐಸಿಎಂಆರ್, 2017ರಲ್ಲಿ ನಿಯಮಗಳ ಪುಸ್ತಕ ತಂದಿದೆ. ಅದರ ಪ್ರಕಾರ ಹೆಬ್ಬೆಟ್ಟು ಒತ್ತೋರ ಪಕ್ಕದಲ್ಲಿ ಓದು ಬಲ್ಲ, ಆ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಇರಬೇಕು, ಅವರು ಸಹಿ ಹಾಕಬೇಕು. ಏನು ಮಾಡುತ್ತಾರೆ, ಏನು ಅಪಾಯ, ಏನು ಪ್ರಯೋಜನ ಅಂತ ನಿಮಗೆ ಬರೋ ಭಾಷೆಯಲ್ಲಿ ಹೇಳಬೇಕು. ಹೆಬ್ಬೆಟ್ಟು ಒತ್ತಿದ ಒಪ್ಪಿಗೆ ಹಾಳೆಯ ಒಂದು ಪ್ರತಿ ನಿಮಗೆ ಕೊಡಬೇಕು. ಯಾವಾಗ ಬೇಕಾದರೂ "ನಾನು ಬರಲ್ಲ" ಅನ್ನಬಹುದು, ಅದಕ್ಕೆ ಆಸ್ಪತ್ರೆಯ ಚಿಕಿತ್ಸೆ ತಪ್ಪಿಸೋ ಹಾಗಿಲ್ಲ. ಆ ಹಾಳೆಯಲ್ಲಿ ಎಥಿಕ್ಸ್ ಕಮಿಟಿಯವರ, ಅಂದರೆ ಸಂಶೋಧನೆ ನ್ಯಾಯವಾಗಿ ನಡೀತಿದೆಯಾ ಅಂತ ನೋಡೋರ ಫೋನ್ ನಂಬರ್ ಇರುತ್ತೆ, ಇರಲೇಬೇಕು. ಈ ಕಮಿಟಿಯಲ್ಲಿ ಬರೀ ಡಾಕ್ಟರುಗಳಿರೋದಿಲ್ಲ. ಏಳರಿಂದ ಹದಿನೈದು ಜನ, ಕಾನೂನು ಬಲ್ಲವರು ಒಬ್ಬರು, ಸಾಮಾನ್ಯ ಜನರ ಕಡೆಯಿಂದ ಒಬ್ಬರು, ಅರ್ಧದಷ್ಟು ಜನ ಆ ಸಂಸ್ಥೆಗೆ ಸೇರದವರಾಗಿರಬೇಕು. ಹಳೇ ತಂಡದವರು ಯಾವ ಕಾಲೇಜಿನವರು ಅಂತ ನಿಮ್ಮ ಊರಿನ ಆಶಾ ಕಾರ್ಯಕರ್ತೆಯೋ ಪಂಚಾಯ್ತಿಯವರೋ ನೆನಪಿಟ್ಟಿರುತ್ತಾರೆ. ಆ ಕಮಿಟಿಗೆ ಒಂದು ಬಿಳಿ ಹಾಳೆಯಲ್ಲಿ "ನಮ್ಮ ರಿಪೋರ್ಟ್ ನಮಗೆ ಬಂದಿಲ್ಲ, ಕೊಡಿಸಿ" ಅಂತ ಎಲ್ಲರೂ ಸೇರಿ ಬರೆದು ಕಳಿಸಿ. ಒಬ್ಬರೇ ಬರೆಯಬೇಡಿ, ಎಲ್ಲರೂ ಸೇರಿ.

ಹೊಸ ತಂಡ ಬಂದಾಗ ಬಾಗಿಲು ಹಾಕಬೇಡಿ. ಬದಲಿಗೆ ಊದೋ ಪೈಪು ತೆಗೆಯೋ ಮುಂಚೆ ಕೂರಿಸಿ ಮಾತಾಡಿಸಿ. ರಿಪೋರ್ಟ್ ಯಾವಾಗ ಕೊಡುತ್ತೀರಿ, ಯಾರು ಓದಿ ಹೇಳುತ್ತಾರೆ, ಕಾಯಿಲೆ ಅಂತ ಬಂದರೆ ಮುಂದೆ ಎಲ್ಲಿಗೆ ಕಳಿಸುತ್ತೀರಿ, ಸರ್ಟಿಫಿಕೇಟ್ ಸಿಗುತ್ತಾ? ಆಮೇಲೆ ನಿಮ್ಮಂಥ ಕೆಲಸ ಬಿಟ್ಟವರನ್ನೂ ಸೇರಿಸಿಕೊಳ್ಳಿ ಅಂತ ಹಟ ಹಿಡಿಯಿರಿ. ಇದು ಬಹಳ ಮುಖ್ಯ. ಕ್ವಾರಿಗೆ ಹೋಗಿ ಈಗ ಕೆಲಸದಲ್ಲಿರೋರನ್ನು ಮಾತ್ರ ಪರೀಕ್ಷೆ ಮಾಡಿದರೆ ಅಲ್ಲಿ ಸಿಗೋದು ಇನ್ನೂ ಉಸಿರು ಗಟ್ಟಿ ಇರೋರು. ಉಸಿರು ಕೆಟ್ಟವರು ನಿಮ್ಮ ಹಾಗೆ ಮನೆ ಸೇರಿರುತ್ತಾರೆ. ಆಗ "ಕ್ವಾರಿಯಲ್ಲಿ ಅಷ್ಟೇನೂ ಕಾಯಿಲೆ ಇಲ್ಲ" ಅಂತ ಉತ್ತರ ಬರುತ್ತೆ, ಪೇಪರ್‌ನಲ್ಲೂ ಹಾಗೇ ಅಚ್ಚಾಗುತ್ತೆ. ಮನೆ ಸೇರಿದವರು ಯಾರು ಯಾರು, ಯಾವ ಓಣಿಯಲ್ಲಿದ್ದಾರೆ, ಯಾರು ತೀರಿಕೊಂಡರು, ಇದರ ಪಟ್ಟಿ ಇರೋದು ನಿಮ್ಮ ತಲೆಯಲ್ಲಿ. ಆ ಪಟ್ಟಿ ಇಲ್ಲದೆ ಅವರ ಸಂಶೋಧನೆ ಅರ್ಧ.

ರಾಜಸ್ಥಾನದಲ್ಲಿ ಕಲ್ಲು ಗಣಿಯವರು, ಅವರ ವಿಧವೆಯರು ವರ್ಷಗಟ್ಟಲೆ ಪಟ್ಟು ಹಿಡಿದ ಮೇಲೆ 2019ರಲ್ಲಿ ಸಿಲಿಕೋಸಿಸ್‌ಗೇ ಬೇರೆ ಸರಕಾರಿ ನೀತಿ ಬಂತು, ಕಾರ್ಮಿಕ ತಾನೇ ಹೆಸರು ನೋಂದಾಯಿಸಿ ಪರೀಕ್ಷೆ ಕೇಳಬಹುದು, ಪರಿಹಾರ ಪಡೆಯಬಹುದು. ನಮ್ಮಲ್ಲಿಯೂ ಆಗಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ನಾನು ಸಮುದಾಯ ವೈದ್ಯಶಾಸ್ತ್ರದಲ್ಲಿ ಪಿಜಿ ಮಾಡುತ್ತಿದ್ದೇನೆ. ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯವರ ಶ್ವಾಸಕೋಶದ ಮೇಲೆ ಥೀಸಿಸ್. ಕಾರ್ಮಿಕರನ್ನೂ ಸಂಶೋಧನೆಯಲ್ಲಿ ತೊಡಗಿಸಿಕೊಳ್ಳಬೇಕು ಅಂತ ಓದಿದ್ದೇನೆ, ಗೈಡ್ ಕೂಡ ಒಪ್ಪಿದ್ದಾರೆ. ಆದರೆ ಫ್ಯಾಕ್ಟರಿಗೆ ಹೋಗಿ ಕೇಳಿದರೆ ಎಲ್ಲದಕ್ಕೂ "ಹೂಂ ಮೇಡಂ, ಏನೂ ತೊಂದರೆ ಇಲ್ಲ ಮೇಡಂ" ಅಂತಾರೆ. ಏನು ಮಾಡಲಿ?
— ಓದುಗರು, ರಾಯಚೂರು

ಉತ್ತರ: ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದರೆ ನಾನಾದರೂ ಹಾಗೇ ಅಂತೀನಿ ಮಗಳೇ. ಮೊದಲು ಫ್ಯಾಕ್ಟರಿ ಗೇಟಿನಿಂದ ಹೊರಗೆ ಬನ್ನಿ. ಸಂಜೆ ಅವರ ಮನೆಗಳ ಹತ್ತಿರ ಹೋಗಿ, ಪೆನ್ನು ಪೇಪರ್ ಬ್ಯಾಗಲ್ಲೇ ಇರಲಿ, ಹೆಣ್ಣುಮಕ್ಕಳ ಜೊತೆ ಬೇರೆ ಕೂತು ಮಾತಾಡಿ. ಭಾಷೆ ನೋಡಿಕೊಳ್ಳಿ, ರಾಯಚೂರಿನಲ್ಲಿ ತೆಲುಗು, ಉರ್ದು ಮಾತಾಡೋರು ಎಷ್ಟೊಂದು ಜನ. ಗ್ರಾಂಥಿಕ ಕನ್ನಡದ ಒಪ್ಪಿಗೆ ಪತ್ರ ಓದಿ ಹೇಳಿದರೆ ಅವರಿಗೆ ಅದು ಮಂತ್ರ ಕೇಳಿದ ಹಾಗೆ.

ಆಮೇಲೆ ಮೈ ನಕ್ಷೆ ಮಾಡಿಸಿ. ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ಮನುಷ್ಯನ ಮೈಯ ಗೆರೆ, ಮುಂದೆ ಒಂದು ಹಿಂದೆ ಒಂದು. ಎಲ್ಲಿ ನೋಯುತ್ತೆ ಅಲ್ಲಿ ಬಿಂದಿ ಅಂಟಿಸಿ ಅನ್ನಿ, ನೋವಿಗೆ ಕೆಂಪು, ಉಸಿರಿನ ತೊಂದರೆಗೆ ಹಸಿರು, ಹೀಗೆ. ಓದು ಬರಹ ಬೇಕಿಲ್ಲ, ಯಾರೂ ತನ್ನ ಹೆಸರು ಹೇಳಬೇಕಿಲ್ಲ. ಐದು ನಿಮಿಷದಲ್ಲಿ ಎದೆಯ ಮೇಲೋ ಸೊಂಟದ ಮೇಲೋ ಬಿಂದಿ ಗುಂಪುಗೂಡೋದು ಕಣ್ಣಿಗೇ ಕಾಣುತ್ತೆ, "ಅಯ್ಯೋ, ನಿನಗೂ ಇದೆಯಾ?" ಅಂತ ಅವರವರಲ್ಲೇ ಮಾತು ಶುರುವಾಗುತ್ತೆ. ಆ ಮಾತನ್ನು ಕೇಳಿಸಿಕೊಳ್ಳಿ, ನಿಮ್ಮ ಥೀಸಿಸ್ ಅಲ್ಲಿದೆ. ಜಗತ್ತಿನ ಅನೇಕ ಕಡೆ ಕಾರ್ಮಿಕ ಸಂಘಗಳು ಈ ವಿಧಾನ ಬಳಸುತ್ತವೆ. ಇಟಲಿಯ ಟ್ಯೂರಿನ್‌ನಲ್ಲಿ 1960ರ ದಶಕದಿಂದಲೇ ಕಾರ್ ಫ್ಯಾಕ್ಟರಿಯ ಕಾರ್ಮಿಕರು ಇವಾರ್ ಒಡ್ಡೋನೆ ಅನ್ನೋ ಡಾಕ್ಟರ ಜೊತೆ ಕೂತು ಯಾವ ಮೂಲೆಯಲ್ಲಿ ಏನು ಅಪಾಯ ಅಂತ ತಮ್ಮ ಫ್ಯಾಕ್ಟರಿಯ ಅಪಾಯದ ನಕ್ಷೆಯನ್ನೇ ಬರೆದರು.

ನಿಮ್ಮ ವಿಷಯದಲ್ಲಂತೂ ಅವರನ್ನು ಕೇಳದಿದ್ದರೆ ಅಳತೆಯೇ ತಪ್ಪುತ್ತೆ. ಹತ್ತಿ ಧೂಳಿನ ಕಾಯಿಲೆ ಬಿಸಿನೋಸಿಸ್‌ನ ಗುಣ ನಿಮಗೆ ಗೊತ್ತೇ ಇದೆ. ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಎದೆ ಬಿಗಿಯುತ್ತೆ, ಆಮೇಲಿನ ದಿನ ಕಡಿಮೆ ಅನಿಸುತ್ತೆ. ಪುಸ್ತಕದಲ್ಲಿ ಸೋಮವಾರ ಅಂತ ಇದೆ. ನಿಮ್ಮ ಫ್ಯಾಕ್ಟರಿಗೆ ರಜೆ ಭಾನುವಾರವಾ, ಅಮಾವಾಸ್ಯೆಗಾ, ಅಥವಾ ಸೀಸನ್ ಮುಗಿಯೋವರೆಗೂ ರಜೆಯೇ ಇಲ್ವಾ? ಮ್ಯಾನೇಜರ್ ಒಂದು ಹೇಳುತ್ತಾರೆ, ನಡೆಯೋದು ಒಂದಿರುತ್ತೆ. ಸುಮ್ನೆ ಸೋಮವಾರ ಉಸಿರು ಅಳೆಯೋ ಸ್ಪೈರೋಮೀಟರ್ ತಗೊಂಡು ಹೋದರೆ ಏನೂ ಸಿಗದೆ ವಾಪಸ್ ಬರಬಹುದು. ಯಾವ ದಿನ ಊದಿಸಬೇಕು, ಶಿಫ್ಟ್ ಶುರುವಾಗೋ ಮುಂಚೆ ಎಷ್ಟೊತ್ತಿಗೆ, ಮುಗಿದ ಮೇಲೆ ಎಷ್ಟೊತ್ತಿಗೆ ಅಂತ ಅವರೇ ಹೇಳಬೇಕು. ಯಾವ ತಿಂಗಳು ಹೊಸ ಹತ್ತಿ ಬಂದು ಧೂಳು ಜಾಸ್ತಿ ಇರುತ್ತೆ ಅನ್ನೋದೂ ಅವರಿಗೇ ಗೊತ್ತು.

"ಮಾಸ್ಕ್ ಹಾಕ್ತೀರಾ?" ಅಂತ ಕೇಳೋ ಪ್ರಶ್ನೆ ತೆಗೆದುಬಿಡಿ. ಎಲ್ಲರೂ ಹೂಂ ಅಂತಾರೆ. ಯಾರು ಕೊಟ್ಟರು, ಎಷ್ಟು ದಿನಕ್ಕೊಂದು, ಯಾವಾಗ ಕಿತ್ತು ಹಾಕುತ್ತೀರಿ ಅಂತ ಕೇಳಿ.

ಒಂದು ಎಚ್ಚರ. ರಾಜೀವ್ ಗಾಂಧಿ ಆರೋಗ್ಯ ವಿವಿಗೆ ಸಿನಾಪ್ಸಿಸ್ (ಥೀಸಿಸ್‌ನ ಯೋಜನೆ) ಕಳಿಸಿದ ಮೇಲೆ ಕಾರ್ಮಿಕರನ್ನು ಕರೆದರೆ ಪ್ರಶ್ನೆ ಬದಲಾಯಿಸೋಕೆ ಜಾಗವೇ ಇರಲ್ಲ, ಬರೀ ಶಾಸ್ತ್ರಕ್ಕೆ ಕರೆದ ಹಾಗಾಗುತ್ತೆ. ಅದಕ್ಕೆ ಮುಂಚೆಯೇ ಕರೆಯಿರಿ. ಇಂಗ್ಲೆಂಡ್‌ನಲ್ಲಿ 1996ರಿಂದಲೇ ಹೀಗೆ ಜನರನ್ನು ಸಂಶೋಧನೆಗೆ ಸೇರಿಸಿಕೊಳ್ಳೋಕೆ ಸರಕಾರದ ದುಡ್ಡಿನಲ್ಲಿ ಒಂದು ವ್ಯವಸ್ಥೆ ನಡೆದಿದೆ, 2019ರಲ್ಲಿ ಮಾನದಂಡಗಳನ್ನೂ ಮಾಡಿದ್ದಾರೆ. ವೈದ್ಯಕೀಯ ಸಂಶೋಧನೆಯ ನೀತಿ ಹೇಳೋ ಹೆಲ್ಸಿಂಕಿ ಘೋಷಣೆಯನ್ನು 2024ರಲ್ಲಿ ತಿದ್ದಿದಾಗ, ಸಂಶೋಧನೆಗೆ ಮುಂಚೆ, ನಡೆಯುವಾಗ, ಮುಗಿದ ಮೇಲೆ ಮೂರೂ ಹಂತದಲ್ಲಿ ಭಾಗವಹಿಸೋರನ್ನೂ ಅವರ ಸಮುದಾಯವನ್ನೂ ಅರ್ಥಪೂರ್ಣವಾಗಿ ತೊಡಗಿಸಿಕೊಳ್ಳಬೇಕು ಅಂತ ಸೇರಿಸಿದ್ದಾರೆ. ಎಥಿಕ್ಸ್ ಕಮಿಟಿಯಲ್ಲಿ ಯಾರಾದರೂ "ಇದೆಲ್ಲ ಯಾಕಮ್ಮ?" ಅಂದರೆ ಇದನ್ನು ತೋರಿಸಿ. ಥೀಸಿಸ್‌ನಲ್ಲಿ ಕಾರ್ಮಿಕರು ಹೇಳಿದ್ದರಿಂದ ಏನೇನು ಬದಲಾಯ್ತು ಅಂತ ಒಂದು ಪುಟ ಬರೆಯಿರಿ, ಒಪ್ಪಿದರೆ ಅವರ ಹೆಸರು ಹಾಕಿ ಕೃತಜ್ಞತೆ ಹೇಳಿ, ಹೆಸರು ಬೇಡ ಅಂದರೆ ಬೇಡ.

ಪ್ರಶ್ನೆ: ನನ್ನದು ರೈಸ್ ಮಿಲ್. ಕಾಲೇಜಿನವರು ಹಮಾಲರ ಮೇಲೆ ಸಂಶೋಧನೆ ಮಾಡೋಕೆ ಒಪ್ಪಿಗೆ ಕೇಳುತ್ತಿದ್ದಾರೆ. ನಾನು ಒಪ್ಪಿದರೆ ಸಾಕಲ್ವಾ? ಹಮಾಲರನ್ನೂ ಕಮಿಟಿಗೆ ಹಾಕಿಕೊಳ್ಳುತ್ತೇವೆ ಅಂತಾರೆ. ಮಿಲ್ಲಿನ ಹೆಸರು ಕೆಡುತ್ತೆ ಅಂತ ಭಯ.
— ಓದುಗರು, ಗಂಗಾವತಿ

ಉತ್ತರ: ನೀವು ಒಪ್ಪಿದರೆ ಅವರು ಮಿಲ್ಲಿನ ಒಳಗೆ ಬರಬಹುದು, ಅಷ್ಟೇ. ಪರೀಕ್ಷೆಗೆ ಒಪ್ಪಬೇಕಾದವರು ಹಮಾಲರು, ಒಬ್ಬೊಬ್ಬರೂ ಬೇರೆ ಬೇರೆ. ಮಾಲೀಕರ ಮುಂದೆ ಇಲ್ಲ ಅನ್ನೋದು ಕೆಲಸದವರಿಗೆ ಕಷ್ಟ ಅಂತಲೇ ಐಸಿಎಂಆರ್ ನಿಯಮ ಅವರಿಗೆ ವಿಶೇಷ ರಕ್ಷಣೆ ಕೊಡುತ್ತೆ. ಬರಲ್ಲ ಅಂದವರ ಕೆಲಸಕ್ಕೆ ಕುತ್ತು ಬರಬಾರದು, ಯಾರ ರಿಪೋರ್ಟೂ ನಿಮ್ಮ ಕೈಗೆ ಬರಬಾರದು.

ಹೆಸರಿನ ಭಯ ಬಿಡಿ. ಪ್ರಕಟ ಆಗುವಾಗ ಸಾಮಾನ್ಯವಾಗಿ "ಜಿಲ್ಲೆಯ ಒಂದು ಮಿಲ್" ಅಂತ ಇರುತ್ತೆ, ಅದನ್ನು ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಚೀಲ ಎಷ್ಟು ಕೆಜಿ ಇದ್ದರೆ ಸೊಂಟ ಉಳಿಯುತ್ತೆ, ಹೊಟ್ಟಿನ ಧೂಳು ಎಲ್ಲಿಂದ ಜಾಸ್ತಿ ಬರುತ್ತೆ ಅಂತ ಚೀಲ ಹೊತ್ತವರಿಗಿಂತ ಚೆನ್ನಾಗಿ ಯಾರು ಹೇಳುತ್ತಾರೆ? ಅವರು ಹೇಳಿ ಮಾಡಿಸಿದ ಸಣ್ಣ ಬದಲಾವಣೆ ಉಳಿಯುತ್ತೆ, ಆಫೀಸಿನಲ್ಲಿ ಕೂತು ತಂದಿಟ್ಟ ದುಬಾರಿ ಸಾಮಾನು ಮೂಲೆ ಸೇರುತ್ತೆ. ಒಪ್ಪಿಕೊಳ್ಳಿ ಸ್ವಾಮಿ, ಮೀಟಿಂಗ್ ದಿನದ ಕೂಲಿ ಕಡಿಯಬೇಡಿ.

ಪ್ರಶ್ನೆ: ಕಾರ್ಮಿಕರ ಮಾತು ಕೇಳಿ ಸಂಶೋಧನೆ ಮಾಡಿದ್ದರಿಂದ ಎಲ್ಲಾದರೂ ಏನಾದರೂ ಆಗಿದೆಯಾ? ಕಾರ್ಮಿಕರು ಹೇಳಿದ್ದೇ ಸರಿ ಇರಬೇಕು ಅಂತೇನಿಲ್ಲವಲ್ಲ.
— ಓದುಗರು, ಸಿಂಧನೂರು

ಉತ್ತರ: ಒಳ್ಳೇ ಪ್ರಶ್ನೆ. ನಮ್ಮ ಬಿಸಿಲಿಗೆ ಹತ್ತಿರದ್ದೇ ಒಂದು ಉದಾಹರಣೆ ಕೊಡುತ್ತೇನೆ.

ಮಧ್ಯ ಅಮೆರಿಕದ ನಿಕರಾಗುವಾ ದೇಶದಲ್ಲಿ ಚಿಚಿಗಲ್ಪಾ ಅಂತ ಊರಿದೆ, ಸುತ್ತ ಕಬ್ಬಿನ ಗದ್ದೆ. ಕಬ್ಬು ಕಡಿಯೋ ಗಂಡಸರು ವಯಸ್ಸಲ್ಲದ ವಯಸ್ಸಿನಲ್ಲಿ ಕಿಡ್ನಿ ಕೆಟ್ಟು ಸಾಯುತ್ತಿದ್ದರು. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ಕಾಯಿಲೆಯಾದ ಮಾಜಿ ಕಾರ್ಮಿಕರು ಸಂಘ ಕಟ್ಟಿಕೊಂಡು, 2008ರಲ್ಲಿ ಆ ಸಕ್ಕರೆ ಕಂಪನಿಗೆ ಸಾಲ ಕೊಟ್ಟಿದ್ದ ವಿಶ್ವಬ್ಯಾಂಕ್ ಗುಂಪಿನ ಸಂಸ್ಥೆಯ ದೂರು ಕೇಳೋ ಕಚೇರಿಗೆ ಹೋದರು. ಮಾತುಕತೆಗೆ ಕಂಪನಿಯವರೂ ಕಾಯಿಲೆಯವರೂ ಎದುರುಬದುರು ಕೂತರು. ಕಾರಣ ಹುಡುಕೋ ಸಂಶೋಧಕರು ಯಾರು ಅಂತ ಇಬ್ಬರೂ ಸೇರಿ ಆರಿಸಿದರು, ಬಾಸ್ಟನ್ ವಿಶ್ವವಿದ್ಯಾಲಯದ ತಂಡ ಬಂತು. ಕಂಪನಿ ಒಂದೇ ಆರಿಸಿದ್ದರೆ ಕಾರ್ಮಿಕರು ನಂಬುತ್ತಿರಲಿಲ್ಲ, ಕಾರ್ಮಿಕರೇ ಆರಿಸಿದ್ದರೆ ಕಂಪನಿ ನಂಬುತ್ತಿರಲಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ಕಾರ್ಮಿಕರಿಗೆ ಕೀಟನಾಶಕದ ಮೇಲೆ ಅನುಮಾನ ಇತ್ತು. ಅಧ್ಯಯನಗಳು ಜಾಸ್ತಿ ಬೊಟ್ಟು ಮಾಡಿದ್ದು ಉರಿಬಿಸಿಲಿನಲ್ಲಿ ನೀರು ನೆರಳಿಲ್ಲದೆ ಮಾಡೋ ಮೈಮುರಿ ದುಡಿಮೆಯ ಕಡೆಗೆ. ಅಂದರೆ ಕಾರ್ಮಿಕರ ಊಹೆಯನ್ನೇ ಒಪ್ಪಿಕೊಳ್ಳಲಿಲ್ಲ, ಅದನ್ನೂ ಪರೀಕ್ಷೆಗೆ ಹಚ್ಚಿದರು. ಪ್ರಶ್ನೆ ಎತ್ತಿದವರು ಅವರು, ಉತ್ತರ ಕೊಟ್ಟಿದ್ದು ಅಳತೆ. ಹೀಗೇ ಇರಬೇಕು. ಆಮೇಲೆ ಅಲ್ಲೂ, ಹತ್ತಿರದ ಎಲ್ ಸಾಲ್ವಡಾರ್ ದೇಶದಲ್ಲೂ ನೀರು, ನೆರಳು, ವಿಶ್ರಾಂತಿ ಕೊಡೋ ವ್ಯವಸ್ಥೆ ಮಾಡಿ ನೋಡಿದರು. ವಿಶ್ರಾಂತಿ ಸರಿಯಾಗಿ ಸಿಕ್ಕ ಕಡೆ ಕಿಡ್ನಿಗೆ ಆಗೋ ಪೆಟ್ಟು ಕಡಿಮೆಯಾಯ್ತು.

ನಮ್ಮ ಸಿಂಧನೂರಿನ ಭತ್ತದ ಗದ್ದೆ, ಸಂಡೂರಿನ ಗಣಿ, ಗಿಣಿಗೇರಾ ಕಡೆಯ ಕಬ್ಬಿಣದ ಕುಲುಮೆ, ಇಟ್ಟಿಗೆ ಭಟ್ಟಿ, ಎಲ್ಲ ಕಡೆ ಬಿಸಿಲೂ ಬೆವರೂ ಅಷ್ಟೇ ಇದೆ. ನಮ್ಮವರ ಕಿಡ್ನಿ ಹೇಗಿದೆ ಅಂತ ನಾವೇ ಕೇಳಬೇಕು. ನೀರಿನ ಡ್ರಮ್ಮು ಎಷ್ಟು ದೂರ ಇದೆ, ಕುಡಿಯೋಕೆ ಹೋದರೆ ಯಾರು ಬೈಯುತ್ತಾರೆ ಅನ್ನೋದೂ ಆ ಪ್ರಶ್ನೆಪಟ್ಟಿಯಲ್ಲಿ ಇರಲಿ.

ಪ್ರಶ್ನೆ: ನಮ್ಮ ಮನೆಯವರು ಬೂದಿ, ಸಿಮೆಂಟ್ ಲೋಡಿಂಗ್ ಕೆಲಸಕ್ಕೆ ಹೋಗುತ್ತಾರೆ. ಸಂಶೋಧನೆಗೆ ಕಾರ್ಮಿಕರು ಮಾತ್ರ ಬರಬೇಕಾ, ನಮ್ಮಂಥ ಹೆಂಡತಿಯರೂ ಹೇಳಬಹುದಾ?
— ಓದುಗರು, ಶಕ್ತಿನಗರ

ಉತ್ತರ: ಹೇಳಬೇಕು ಅಮ್ಮ. ರಾತ್ರಿ ಎಷ್ಟು ಸಲ ಎದ್ದು ಕೆಮ್ಮುತ್ತಾರೆ ಅಂತ ಅವರಿಗೆ ನೆನಪಿರಲ್ಲ, ಪಕ್ಕದಲ್ಲಿ ಮಲಗಿದ ನಿಮಗಿರುತ್ತೆ. ಕೆಲಸದ ಬಟ್ಟೆ ಕೊಡವಿ ಒಗೆಯೋರು ನೀವು, ಆ ಧೂಳು ನಿಮ್ಮ ಮೂಗಿಗೂ ಮಗುವಿನ ಮೂಗಿಗೂ ಹೋಗುತ್ತೆ, ಅದೂ ಕೆಲಸದ ಜಾಗದ್ದೇ ಧೂಳು. ಮುಂದಿನ ಸಲ ಯಾರಾದರೂ ಬಂದರೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳಬೇಡಿ, ಒಳಗೆ ಬಂದು ಕೂತು ಇದನ್ನು ಬರೆಸಿ. ಅಲ್ಲಿಯವರೆಗೆ ಬಟ್ಟೆಯನ್ನು ಮನೆ ಒಳಗೆ ಕೊಡವಬೇಡಿ, ಹೊರಗೇ ಬಕೆಟ್ ನೀರಿನಲ್ಲಿ ನೆನೆಹಾಕಿ ಒಗೆಯಿರಿ, ಮಕ್ಕಳ ಬಟ್ಟೆ ಜೊತೆ ಸೇರಿಸಬೇಡಿ.